ಚುಕ್ಕಿ ನಿಂತಾಗ

ನೆವಾಡಾದಲ್ಲಿ ಬೇಸಿಗೆಯ ಮಧ್ಯಾಹ್ನ ಹನ್ನೆರಡೂವರೆಯಾದಾಗ ಹಾಸನದಲ್ಲಿ ರಾತ್ರಿ ಒಂದು ಗಂಟೆ. ಅಷ್ಟು ಹೊತ್ತಿಗೆ ನನ್ನ ಯಜಮಾನರ ಗ್ಲೈಡರ್ ಮಿಂಡೆನ್ ವಿಮಾನ ನಿಲ್ದಾಣದ ರನ್‌ವೇ ಬಿಟ್ಟಿರುತ್ತದೆ. ಹಗ್ಗ ಕಟ್ಟಿ ಎಳೆದೊಯ್ದ ಸಣ್ಣ ವಿಮಾನವು ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಅವರನ್ನು ಬಿಟ್ಟು ಹಿಂದಿರುಗುತ್ತದೆ. ಅಲ್ಲಿಂದ ಮುಂದಿನ ಐದಾರು ಗಂಟೆ ಎಂಜಿನ್ ಇಲ್ಲದ ಆ ವಿಮಾನಕ್ಕೆ ಬಿಸಿಲಿಗೆ ಕಾದ ಬೆಟ್ಟಗಳ ಮೇಲಿಂದ ಏಳುವ ಗಾಳಿಯೊಂದೇ ಆಸರೆ. ನಾನು ಕಾರ್ಸನ್ ಸಿಟಿಯ ನಮ್ಮ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು, ನಕ್ಷೆಯ ಮೇಲೆ ಒಂದೊಂದಾಗಿ ಮೂಡುವ ಗುರುತುಗಳನ್ನು ನೋಡುತ್ತಾ ಕೆಲಸ ಮಾಡಿಕೊಳ್ಳುತ್ತಿರುತ್ತೇನೆ. ಹಾಸನದಲ್ಲಿ ಬೆಳಗಿನ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟು ಒಳಬಂದ ಅತ್ತೆಯವರು ತಮ್ಮ ಮೊಬೈಲಿನಲ್ಲಿ ಅದೇ ನಕ್ಷೆಯನ್ನು ತೆರೆಯುತ್ತಾರೆ. ಆ ಗುರುತುಗಳನ್ನು ಅವರು ಮೊದಲ ದಿನದಿಂದಲೂ ಚುಕ್ಕಿ ಎಂದೇ ಕರೆಯುತ್ತಾರೆ. ಈಗ ನಮ್ಮ ಮನೆಯಲ್ಲೂ ಅದಕ್ಕೆ ಬೇರೆ ಹೆಸರಿಲ್ಲ.

ಚುಕ್ಕಿಯನ್ನು ಕಳುಹಿಸುವ ಉಪಕರಣವು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದರೊಳಗೆ ಎರಡು ಕೆಲಸಗಳು ನಡೆಯುತ್ತವೆ. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಕೇಳಿ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುವುದು ಮೊದಲನೆಯದು. ಆ ಲೆಕ್ಕವನ್ನು ಇನ್ನೊಂದು ಬಗೆಯ ಉಪಗ್ರಹಕ್ಕೆ, ಅಂದರೆ ಸಂಪರ್ಕ ಉಪಗ್ರಹಕ್ಕೆ ಕಳುಹಿಸುವುದು ಎರಡನೆಯದು. ನನ್ನ ಸ್ನೇಹಿತೆಯರಲ್ಲಿ ಹಲವರು ಜಿಪಿಎಸ್ ಇದ್ದರೆ ಸಾಕು, ಎಲ್ಲಿದ್ದರೂ ಗೊತ್ತಾಗುತ್ತದೆ ಎಂದುಕೊಂಡಿದ್ದಾರೆ. ಜಿಪಿಎಸ್‌ನಿಂದ ಗೊತ್ತಾಗುವುದು ಹಾರುವವರಿಗೆ ಮಾತ್ರ. ನೆಲದ ಮೇಲಿರುವವರಿಗೆ ಗೊತ್ತಾಗಬೇಕಾದರೆ ಯಾರಾದರೂ ಆ ಸುದ್ದಿಯನ್ನು ಹೊತ್ತು ತರಬೇಕು, ಮತ್ತು ಮೊಬೈಲ್ ಗೋಪುರಗಳಿಲ್ಲದ ಕಡೆ ಅದನ್ನು ಹೊರಲು ಉಪಗ್ರಹಗಳೇ ಬೇಕು.

ನಾವಿರುವ ಸೀಮೆ ಅಂಥದ್ದು. ಮಿಂಡೆನ್ ಊರು ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,440 ಮೀಟರ್ ಎತ್ತರದ ಕಣಿವೆಯಲ್ಲಿದೆ. ಪ್ರಪಂಚದ ಮೂಲೆಮೂಲೆಗಳಿಂದ ಗ್ಲೈಡರ್ ಹಾರಿಸುವವರು ಇಲ್ಲಿಗೆ ಬರುತ್ತಾರೆ. ಬೇಸಿಗೆಯ ಮಧ್ಯಾಹ್ನ ಕಣಿವೆಯ ಪೂರ್ವಕ್ಕಿರುವ ಪೈನ್ ನಟ್ ಬೆಟ್ಟಗಳ ಮೇಲೆ ಮೊದಲು ಗಾಳಿ ಏಳುತ್ತದೆ. ಅಲ್ಲಿ ಎತ್ತರ ಗಳಿಸಿಕೊಂಡು ದಕ್ಷಿಣಕ್ಕೆ ತಿರುಗಿದರೆ ಸ್ವೀಟ್‌ವಾಟರ್ ಬೆಟ್ಟಗಳು, ಬ್ರಿಜ್‌ಪೋರ್ಟ್ ಕಣಿವೆ, ಮೋನೋ ಸರೋವರ, ಅದನ್ನೂ ದಾಟಿದರೆ 4,344 ಮೀಟರ್ ಎತ್ತರದ ತುದಿಯುಳ್ಳ ವೈಟ್ ಮೌಂಟನ್ಸ್ ಸಾಲು. ಒಳ್ಳೆಯ ದಿನಗಳಲ್ಲಿ ಮೋಡದ ತಳ 5,000 ಮೀಟರಿಗೂ ಮೇಲಿರುತ್ತದೆ, ಆಮ್ಲಜನಕದ ನಳಿಕೆಯನ್ನು ಮೂಗಿಗೆ ಹಾಕಿಕೊಂಡೇ ಹಾರಬೇಕಾಗುತ್ತದೆ. ಕೆಳಗೆ ನೋಡಿದರೆ ಊರುಗಳು ಒಂದಕ್ಕೊಂದು ಎಷ್ಟೋ ದೂರ. ನಡುವೆ ಇರುವುದು ಒಣಗಿದ ಸರೋವರಗಳ ಬಿಳಿಯ ತಳ, ಕುರುಚಲು ಗಿಡ, ಬಂಡೆ. ಫೋನ್ ಸಿಗ್ನಲ್ ಹೆದ್ದಾರಿಯ ಮೇಲೆಯೇ ಕಾಣೆಯಾಗುವಾಗ ಬೆಟ್ಟದ ಹಿಂದಿನ ಕಣಿವೆಯಲ್ಲಿ ಅದನ್ನು ಕೇಳುವುದೇ ಬೇಡ.

ಈ ನೆಲ ಒಬ್ಬ ಮನುಷ್ಯನನ್ನು ಹೇಗೆ ನುಂಗಿಬಿಡಬಲ್ಲದು ಎಂಬುದನ್ನು ಇಲ್ಲಿಯವರು ಮರೆತಿಲ್ಲ. 2007ರ ಸೆಪ್ಟೆಂಬರ್ 3ರ ಬೆಳಿಗ್ಗೆ ಸ್ಟೀವ್ ಫಾಸೆಟ್ ಮಿಂಡೆನ್‌ನ ಆಗ್ನೇಯಕ್ಕಿರುವ ಫ್ಲೈಯಿಂಗ್-ಎಂ ರ‍್ಯಾಂಚ್ ಎಂಬ ಖಾಸಗಿ ಎಸ್ಟೇಟಿನಿಂದ ಎಂಜಿನ್ ಇದ್ದ ಒಂದು ಸಣ್ಣ ವಿಮಾನದಲ್ಲಿ ಒಬ್ಬರೇ ಹೊರಟರು. ಒಬ್ಬಂಟಿಯಾಗಿ ಬಲೂನಿನಲ್ಲಿ ಭೂಮಿಯನ್ನು ಸುತ್ತಿ ಬಂದಿದ್ದವರು ಅವರು; ಹಿಂದಿನ ವರ್ಷವಷ್ಟೇ, 2006ರ ಆಗಸ್ಟ್‌ನಲ್ಲಿ, ಐನಾರ್ ಎನೆವೋಲ್ಡ್‌ಸನ್ ಅವರ ಜೊತೆಗೂಡಿ ಅರ್ಜೆಂಟೀನಾದ ಎಲ್ ಕಲಾಫಾಟೆ ಬಳಿ ಗ್ಲೈಡರಿನಲ್ಲಿ 15 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿ ದಾಖಲೆ ಮಾಡಿದ್ದರು. ಅಂದು ಬೆಳಿಗ್ಗೆ ಅವರು ಹಾರಾಟದ ಯೋಜನೆಯನ್ನು ಯಾರಿಗೂ ಸಲ್ಲಿಸಿರಲಿಲ್ಲ, ಏಕೆಂದರೆ ಅದು ಸುಮ್ಮನೆ ಒಂದು ಸುತ್ತು ಹೋಗಿಬರುವ ಹಾರಾಟವಾಗಿತ್ತು. ಅವರು ಹಿಂದಿರುಗಲಿಲ್ಲ. ಸುಮಾರು ಒಂದು ತಿಂಗಳ ಕಾಲ, ಹತ್ತಿರಹತ್ತಿರ 50,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲುಭಾಗಕ್ಕಿಂತ ಹೆಚ್ಚು ವಿಸ್ತಾರದ ನೆಲವನ್ನು ವಿಮಾನಗಳಿಂದ ಜಾಲಾಡಿದರು. ಉಪಗ್ರಹಗಳು ತೆಗೆದ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಂಚಿಕೊಂಡು ಸಾವಿರಾರು ಜನ ಮನೆಯಲ್ಲೇ ಕುಳಿತು ಹುಡುಕಿದರು. ಆ ಹುಡುಕಾಟದಲ್ಲಿ ಎಂದೋ ಬಿದ್ದು ಮರೆತುಹೋಗಿದ್ದ ಬೇರೆ ವಿಮಾನಗಳ ಅವಶೇಷಗಳು ಸಿಕ್ಕವು, ಫಾಸೆಟ್ ಸಿಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಚಾರಣಕ್ಕೆ ಹೋಗಿದ್ದ ಒಬ್ಬರಿಗೆ ಮ್ಯಾಮತ್ ಲೇಕ್ಸ್ ಬಳಿಯ ಕಾಡಿನಲ್ಲಿ ಅವರ ಗುರುತಿನ ಚೀಟಿಗಳು ದೊರೆತವು. 2008ರ ಅಕ್ಟೋಬರ್ 1ರಂದು ವಿಮಾನದ ಅವಶೇಷ ಸುಮಾರು 3,000 ಮೀಟರ್ ಎತ್ತರದಲ್ಲಿ ಪತ್ತೆಯಾಯಿತು. ಬೆಟ್ಟದ ಮೇಲಿಂದ ಕೆಳಕ್ಕೆ ಇಳಿಯುವ ಗಾಳಿಯ ರಭಸದ ಎದುರು ಆ ವಿಮಾನಕ್ಕೆ ಮೇಲೇರುವ ಶಕ್ತಿ ಸಾಲಲಿಲ್ಲವೆಂದು ತನಿಖೆ ಹೇಳಿತು.

ಆ ವಿಮಾನದಲ್ಲಿ ತುರ್ತು ಸಂಕೇತದ ಯಂತ್ರವಿತ್ತು, ಆದರೆ ಅದರ ದನಿ ಯಾರಿಗೂ ಕೇಳಿಸಲಿಲ್ಲ. ನೆಲಕ್ಕೆ ಅಪ್ಪಳಿಸಿದ ಹೊಡೆತಕ್ಕೆ ತಾನಾಗಿ ಎಚ್ಚೆತ್ತು ಕೂಗಬೇಕಾದ ಯಂತ್ರವದು. ಅದೇ ಹೊಡೆತಕ್ಕೆ ಆಂಟೆನಾ ಮುರಿದುಹೋದರೆ, ಬೆಂಕಿ ಬಿದ್ದರೆ, ಅದು ಕೂಗುವುದಾದರೂ ಹೇಗೆ? ಚುಕ್ಕಿ ಕಳುಹಿಸುವ ಉಪಕರಣದ ಹೆಚ್ಚುಗಾರಿಕೆ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಅದು ಅವಘಡವಾಗುವವರೆಗೆ ಕಾಯುವುದಿಲ್ಲ. ಎಲ್ಲವೂ ಸರಿಯಾಗಿದ್ದಾಗಲೇ ದಾರಿಯುದ್ದಕ್ಕೂ ಹೆಜ್ಜೆಗುರುತು ಬಿಟ್ಟುಕೊಂಡು ಹೋಗುತ್ತದೆ, ಆಮೇಲೆ ಯಂತ್ರವೇ ನಾಶವಾದರೂ ಹೆಜ್ಜೆಗಳು ಉಳಿದಿರುತ್ತವೆ. ಫಾಸೆಟ್ ಕಾಣೆಯಾದ ಆ ವರ್ಷದ ಕೊನೆಯಲ್ಲೇ ಸ್ಪಾಟ್ ಎಂಬ ಉಪಕರಣ ಅಮೆರಿಕದ ಮಾರುಕಟ್ಟೆಗೆ ಬಂದಿತು. ಗ್ಲೋಬಲ್‌ಸ್ಟಾರ್ ಉಪಗ್ರಹಗಳ ಮೂಲಕ ಹತ್ತು ನಿಮಿಷಕ್ಕೊಮ್ಮೆ ಸ್ಥಾನ ತಿಳಿಸುವ, ಒಂದು ಗುಂಡಿ ಒತ್ತಿದರೆ ‘ಕ್ಷೇಮ’, ಇನ್ನೊಂದು ಒತ್ತಿದರೆ ‘ಪ್ರಾಣಾಪಾಯ’ ಎಂದು ಹೇಳುವ ಆ ಪೆಟ್ಟಿಗೆಯನ್ನು ಚಾರಣಿಗರಿಗೆಂದು ಮಾಡಿದ್ದರೂ ಗ್ಲೈಡರ್ ಹಾರಿಸುವವರು ಬಹು ಬೇಗ ಅದನ್ನು ತಮ್ಮದಾಗಿಸಿಕೊಂಡರು.

ನಾವೂ ಅಂಥದೇ, ಒಮ್ಮುಖವಾಗಿ ಕಳುಹಿಸುವ ಒಂದು ಉಪಕರಣವನ್ನು ಕೊಂಡಿದ್ದೆವು. 2016ರ ಜುಲೈ ತಿಂಗಳ ಒಂದು ಶನಿವಾರ ಇವರು ವೈಟ್ ಮೌಂಟನ್ಸ್‌ವರೆಗೆ ಹೋಗಿಬರುವುದೆಂದು ಹೊರಟರು. ಮಧ್ಯಾಹ್ನವೆಲ್ಲ ಚುಕ್ಕಿಗಳು ಹತ್ತು ಹತ್ತು ನಿಮಿಷಕ್ಕೆ ತಪ್ಪದೆ ಬಂದವು. ಮೋನೋ ಸರೋವರದ ಈಶಾನ್ಯಕ್ಕೆ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಒಂದು ಚುಕ್ಕಿ ಮೂಡಿತು. ನಾಲ್ಕು ಇಪ್ಪತ್ತಕ್ಕೆ ಬರಬೇಕಾದದ್ದು ಬರಲಿಲ್ಲ. ಒಂದು ತಪ್ಪುವುದು ಹೊಸತಲ್ಲವಾದ್ದರಿಂದ ನಾನು ಬೀನ್ಸ್ ಹೆಚ್ಚುವುದನ್ನು ಮುಂದುವರಿಸಿದೆ. ನಾಲ್ಕೂವರೆಗೂ ಬರಲಿಲ್ಲ. ನಾಲ್ಕು ನಲವತ್ತಕ್ಕೆ ಚಾಕು ಕೆಳಗಿಟ್ಟು ಪುಟವನ್ನು ಮತ್ತೆ ಮತ್ತೆ ತೆರೆದೆ, ಬಂದದ್ದು ಅದೇ ಹಳೆಯ ಚುಕ್ಕಿ. ಐದಕ್ಕೆ ಹತ್ತು ನಿಮಿಷವಿರುವಾಗ ಫೋನ್ ಹೊಡೆದುಕೊಂಡಿತು, ನನಗೆ ಎದೆ ಝಲ್ಲೆಂದಿತು. ಹಾಸನದಿಂದ ಅತ್ತೆಯವರು.

“ಏನಮ್ಮಾ, ಚುಕ್ಕಿ ನಿಂತೇ ಬಿಟ್ಟಿದೆಯಲ್ಲಾ, ನೋಡಿದ್ಯಾ?”

“ನೋಡ್ತಾ ಇದ್ದೀನಿ ಅತ್ತೆ. ಬೆಟ್ಟದ ಮರೆಗೆ ಹೋಗಿರಬೇಕು” ಎಂದೆ. ಉಪಗ್ರಹವು ಆಕಾಶದಲ್ಲಿರುವಾಗ, ಐದು ಸಾವಿರ ಮೀಟರ್ ಎತ್ತರದಲ್ಲಿ ಹಾರುವವರಿಗೆ ಬೆಟ್ಟದ ಮರೆ ಎಲ್ಲಿಯದೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ಅವರಿಗೂ ಗೊತ್ತಾಯಿತೆಂದು ತೋರುತ್ತದೆ. “ಸರಿ, ದೇವರ ಮುಂದೆ ದೀಪ ಹಚ್ತೀನಿ, ನೀನು ಅಲ್ಲಿ ಯಾರನ್ನಾದ್ರೂ ಕೇಳು” ಎಂದು ಫೋನ್ ಇಟ್ಟರು.

ನಾನು ಇವರು ಹಾರುವ ಕ್ಲಬ್ಬಿಗೆ ಫೋನ್ ಮಾಡಿದೆ. ಅಂದಿನ ಉಸ್ತುವಾರಿಯವರು ಬಹಳ ಶಾಂತವಾಗಿ, ಕೊನೆಯ ಚುಕ್ಕಿಯಲ್ಲಿ ಎತ್ತರ ಎಷ್ಟಿತ್ತು, ಅದಕ್ಕೂ ಹಿಂದಿನ ಎರಡು ಚುಕ್ಕಿಗಳ ನಡುವೆ ದೂರ ಎಷ್ಟು, ಮುಖ ಉತ್ತರಕ್ಕೋ ದಕ್ಷಿಣಕ್ಕೋ ಎಂದು ಕೇಳಿದರು. ನಮ್ಮ ಉಪಕರಣವು ಎತ್ತರವನ್ನು ಕಳುಹಿಸುತ್ತಿರಲಿಲ್ಲ. ಉಳಿದ ಎರಡು ಪ್ರಶ್ನೆಗಳಿಗೆ ಉತ್ತರ ನನ್ನ ಕಣ್ಣೆದುರೇ ಇತ್ತು, ಆದರೆ ಅದನ್ನು ಓದುವುದು ನನಗೆ ತಿಳಿದಿರಲಿಲ್ಲ. ಎರಡು ವರ್ಷದಿಂದ ದಿನವೂ ನೋಡುತ್ತಿದ್ದ ನಕ್ಷೆ ಅದು. ಅವರು 123.3 ಮೆಗಾಹರ್ಟ್ಸ್‌ನಲ್ಲಿ, ಇಲ್ಲಿ ಗ್ಲೈಡರುಗಳು ಮಾತಾಡುವ ರೇಡಿಯೋ ತರಂಗದಲ್ಲಿ, ಮೇಲಿದ್ದವರನ್ನು ಕೇಳಿದರು. ಸ್ವೀಟ್‌ವಾಟರ್ ಬೆಟ್ಟದ ಬಳಿ ಹಾರುತ್ತಿದ್ದ ಇನ್ನೊಬ್ಬರು, ಕೆಲವೇ ನಿಮಿಷದ ಹಿಂದೆ ಇವರ ಮಾತು ಕೇಳಿಸಿತ್ತೆಂದೂ, ಮನೆಯ ಕಡೆ ಹೊರಟಿರುವುದಾಗಿ ಹೇಳಿದ್ದರೆಂದೂ ತಿಳಿಸಿದರು. ಐದೂಕಾಲಾಗಿತ್ತು. ಒಂದು ಗಂಟೆ ಐದು ನಿಮಿಷ ನಮ್ಮಿಬ್ಬರ ಪಾಲಿಗೆ ಅವರು ಇರಲಿಲ್ಲ. ಅವರ ಪಾಲಿಗೆ ಅದು ಆ ಬೇಸಿಗೆಯ ಅತ್ಯಂತ ಸೊಗಸಾದ ಮಧ್ಯಾಹ್ನವಾಗಿತ್ತು.

ಇಳಿದ ಮೇಲೆ ನೋಡಿದರೆ ಕಾರಣ ಸಣ್ಣದು. ಉಪಕರಣವನ್ನು ಮುಂದಿನ ಮೀಟರುಗಳ ಫಲಕದ ಮೇಲೆ, ಪಾರದರ್ಶಕ ಮುಚ್ಚಳದ ಕೆಳಗೆ, ಅಂಟುಪಟ್ಟಿ ಹಾಕಿ ಕೂರಿಸಿದ್ದರು. ಬೆಟ್ಟದ ಬಳಿಯ ಕುಲುಕಾಟದಲ್ಲಿ ಅದು ಕಳಚಿ ಜಾರಿ ಸೀಟಿನ ಪಕ್ಕದಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಒಂದು ಕಡೆ ಇವರ ತೊಡೆ, ಇನ್ನೊಂದು ಕಡೆ ಗ್ಲೈಡರಿನ ಒಡಲು. ಆ ಒಡಲು ಕಾರ್ಬನ್ ಫೈಬರಿನದು. ಗಾಜಿನ ನಾರಿನ ಹಳೆಯ ಗ್ಲೈಡರುಗಳ ಒಡಲನ್ನು ರೇಡಿಯೋ ಅಲೆಗಳು ದಾಟಿ ಹೋಗುತ್ತವೆ, ಕಾರ್ಬನ್ನನ್ನು ದಾಟುವುದಿಲ್ಲ. ಉಪಕರಣವು ಪಾಪ, ತನ್ನ ಕೆಲಸವನ್ನು ತಪ್ಪದೆ ಮಾಡುತ್ತಲೇ ಇತ್ತು, ಹಸಿರು ದೀಪ ಮಿನುಗುತ್ತಲೇ ಇತ್ತು. ಒಮ್ಮುಖದ ಉಪಕರಣಕ್ಕೆ ತಾನು ಕಳುಹಿಸಿದ್ದು ತಲುಪಿತೇ ಎಂದು ತಿಳಿಯುವ ದಾರಿಯಿಲ್ಲ, ಏಕೆಂದರೆ ಅದಕ್ಕೆ ಬಾಯಿದೆ, ಕಿವಿಯಿಲ್ಲ. ಬಾವಿಯೊಳಗೆ ಮುಖವಿಟ್ಟು ಕೂಗುತ್ತಿದ್ದರೂ ಅದಕ್ಕೆ ಅದು ಬಯಲೇ.

ಆ ರಾತ್ರಿ ನಾನು ಒಂದು ಲೆಕ್ಕ ಹಾಕಿದೆ. ಗ್ಲೈಡರು ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆಯೆಂದುಕೊಂಡರೆ ಹತ್ತು ನಿಮಿಷಕ್ಕೆ 30 ಕಿಲೋಮೀಟರ್ ದೂರ ಹೋಗುತ್ತದೆ. ಕೊನೆಯ ಚುಕ್ಕಿ ಬಂದ ಮೇಲೆ, ಮುಂದಿನದು ಬರುವುದರೊಳಗೆ ಏನಾದರೂ ಆಯಿತೆನ್ನಿ: 30 ಕಿಲೋಮೀಟರ್ ತ್ರಿಜ್ಯದ ವೃತ್ತ, ಅಂದರೆ ಸುಮಾರು 2,800 ಚದರ ಕಿಲೋಮೀಟರ್ ಹುಡುಕಬೇಕು. ಇಡೀ ಬೆಂಗಳೂರು ನಗರ ಜಿಲ್ಲೆ ಅದಕ್ಕಿಂತ ಚಿಕ್ಕದು. ಚುಕ್ಕಿಗಳ ನಡುವಿನ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿದರೆ ದೂರ 6 ಕಿಲೋಮೀಟರ್, ಹುಡುಕಬೇಕಾದ ನೆಲ ಸುಮಾರು 113 ಚದರ ಕಿಲೋಮೀಟರ್. ಅವಧಿಯನ್ನು ಐದರಲ್ಲೊಂದು ಭಾಗ ಮಾಡಿದರೆ ಹುಡುಕುವ ನೆಲ ಇಪ್ಪತ್ತೈದರಲ್ಲೊಂದು ಭಾಗವಾಗುತ್ತದೆ. ತಿಂಗಳ ಚಂದಾ ಹೆಚ್ಚಾಗುತ್ತದೆಂದು ಹತ್ತು ನಿಮಿಷದ ಯೋಜನೆಯಲ್ಲೇ ಇದ್ದ ನಾವು ಈ ಲೆಕ್ಕವನ್ನು ಮೊದಲೇ ಹಾಕಬೇಕಿತ್ತು.

ಇನ್ನೂ ಮುಖ್ಯವಾದದ್ದು ಬೇರೆಯೇ ಇತ್ತು. ಚುಕ್ಕಿ ಬಂದರೆ ಏನರ್ಥ ಎಂದು ನಮಗೆ ಗೊತ್ತಿತ್ತು. ಬಾರದಿದ್ದರೆ ಏನರ್ಥ ಎಂಬುದನ್ನು ನಾವು ಒಂದು ದಿನವೂ ಕುಳಿತು ಮಾತಾಡಿಕೊಂಡಿರಲಿಲ್ಲ. ಉಪಕರಣ ಕೊಂಡು, ಜಾಲತಾಣದ ಕೊಂಡಿಯನ್ನು ಮನೆಮಂದಿಗೆಲ್ಲ ಕಳುಹಿಸಿದರೆ ಕೆಲಸ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ, ನಾವೂ ಹಾಗೆಯೇ ಭಾವಿಸಿದ್ದೆವು. ಕೆಲಸ ಆರಂಭವಾಗುವುದೇ ಅಲ್ಲಿಂದ. ಮೌನಕ್ಕೆ ಅರ್ಥ ಕೊಡುವುದು ಉಪಗ್ರಹದ ಕೆಲಸವಲ್ಲ; ಹಾರುವವರೂ ಕಾಯುವವರೂ ಮೊದಲೇ ಆಡಿಕೊಂಡ ಮಾತು ಆ ಕೆಲಸ ಮಾಡಬೇಕು.

ಮರುದಿನ ಭಾನುವಾರ ನಾವಿಬ್ಬರೂ ಅದನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಅದರ ಪ್ರಕಾರ ಅರ್ಧ ಗಂಟೆಯ ಮೌನಕ್ಕೆ ನಾನು ಏನೂ ಮಾಡುವುದಿಲ್ಲ, ಕೊನೆಯ ಚುಕ್ಕಿಯ ಸಮಯ, ಸ್ಥಾನ, ದಿಕ್ಕುಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತೇನೆ. ಒಂದು ಗಂಟೆಯಾದರೆ ಕ್ಲಬ್ಬಿಗೆ ಫೋನ್, ಅವರಿಂದ ರೇಡಿಯೋ. ರೇಡಿಯೋದಲ್ಲೂ ಉತ್ತರವಿಲ್ಲದೆ, ಅತ್ತ ದಾರಿಯಲ್ಲಿರುವ ಬ್ರಿಜ್‌ಪೋರ್ಟ್, ಲೀ ವೈನಿಂಗ್, ಬಿಷಪ್, ಹಾಥಾರ್ನ್ ನಿಲ್ದಾಣಗಳಲ್ಲೂ ಇಳಿದ ಸುದ್ದಿಯಿಲ್ಲದಿದ್ದರೆ, ಸೂರ್ಯ ಮುಳುಗುವವರೆಗೆ ಕಾಯದೆ ಆ ಕೌಂಟಿಯ, ಅಂದರೆ ಜಿಲ್ಲೆಯ, ಶೆರಿಫ್ ಕಚೇರಿಗೆ ತಿಳಿಸಬೇಕು. ಇಲ್ಲಿ ನೆಲದ ಮೇಲೆ ಹುಡುಕಿ ಕಾಪಾಡುವ ಹೊಣೆ ಅವರದು. ಕತ್ತಲಾದ ಮೇಲೆ ಈ ಬೆಟ್ಟಗಳಲ್ಲಿ ಹುಡುಕುವುದು ಎಷ್ಟು ಕಷ್ಟವೆಂದು ತಿಳಿದವರಿಗೆ ‘ಇನ್ನೊಂದು ಸ್ವಲ್ಪ ಹೊತ್ತು ನೋಡೋಣ’ ಎಂಬ ಮಾತಿನ ಬೆಲೆ ಗೊತ್ತು. ಹಾರುವ ಇವರ ಕಡೆಯ ಕರಾರುಗಳೂ ಇವೆ. ಉಪಕರಣವನ್ನು ಅಂಟುಪಟ್ಟಿಯಿಂದಲ್ಲ, ಪ್ಯಾರಾಚೂಟಿನ ಭುಜದ ಪಟ್ಟಿಗೆ ಕ್ಲಿಪ್ಪು ಮತ್ತು ದಾರ ಎರಡನ್ನೂ ಹಾಕಿ, ಆಂಟೆನಾ ಆಕಾಶ ನೋಡುವಂತೆ ಕಟ್ಟಿಕೊಳ್ಳಬೇಕು. ಗ್ಲೈಡರನ್ನು ಬಿಟ್ಟು ಹಾರಬೇಕಾಗಿ ಬಂದರೆ ಅದು ಗ್ಲೈಡರಿನೊಂದಿಗೆ ಹೋಗದೆ ಮನುಷ್ಯನೊಂದಿಗೆ ಬರಬೇಕು. ಇಳಿದ ಮೇಲೆ ನನ್ನೊಡನೆ ಮಾತಾಗುವವರೆಗೆ ಅದನ್ನು ಆರಿಸಬಾರದು.

ಮುಂದಿನ ವರ್ಷ ಉಪಕರಣವನ್ನೂ ಬದಲಾಯಿಸಿದೆವು. ಈಗಿರುವುದು ಇರಿಡಿಯಮ್ ಉಪಗ್ರಹಗಳನ್ನು ಬಳಸುವ ಇನ್‌ರೀಚ್. ಈ ಎರಡು ವ್ಯವಸ್ಥೆಗಳ ನಡುವಿನ ಅಂತರವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಗ್ಲೋಬಲ್‌ಸ್ಟಾರ್ ಉಪಗ್ರಹಗಳು ಸುಮಾರು 1,400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಕೆಳಗಿನಿಂದ ಬಂದ ಸಂಕೇತವನ್ನು ಹಾಗೆಯೇ ಕನ್ನಡಿಯಂತೆ ಕೆಳಕ್ಕೆ ತಿರುಗಿಸುತ್ತವೆ, ಆದ್ದರಿಂದ ಅದೇ ಹೊತ್ತಿನಲ್ಲಿ ಅದೇ ಉಪಗ್ರಹಕ್ಕೆ ಭೂಮಿಯ ಮೇಲಿನ ಒಂದು ಗ್ರಾಹಕ ಕೇಂದ್ರವೂ ಕಾಣುತ್ತಿರಬೇಕು. ಅಂಥ ಕೇಂದ್ರಗಳಿಲ್ಲದ ಸಾಗರದ ನಡುವೆ ಅದು ಉಪಯೋಗಕ್ಕೆ ಬರುವುದಿಲ್ಲ; ಉತ್ತರ ಅಮೆರಿಕದಲ್ಲಿ ಆ ತೊಂದರೆಯಿಲ್ಲ. ಇರಿಡಿಯಮ್‌ನ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ, ಧ್ರುವಗಳ ಮೇಲೆ ಹಾದುಹೋಗುವ ಆರು ಕಕ್ಷೆಗಳಲ್ಲಿ ಸುತ್ತುತ್ತಾ, ಸಂದೇಶವನ್ನು ಒಂದರ ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಹೀಗಾಗಿ ಭೂಮಿಯ ಯಾವ ಮೂಲೆಯಿಂದಲಾದರೂ ಸುದ್ದಿ ಹೊರಬೀಳುತ್ತದೆ. ನನಗೆ ಇದಕ್ಕಿಂತಲೂ ದೊಡ್ಡ ಸಂಗತಿಯೆಂದರೆ ಇದು ಎರಡೂ ಕಡೆಯ ಮಾತು: ನಾನು ಕೇಳಬಹುದು, ಅವರು ಉತ್ತರಿಸಬಹುದು, ಕಳುಹಿಸಿದ್ದು ತಲುಪಿತೆಂದು ಉಪಕರಣಕ್ಕೂ ತಿಳಿಯುತ್ತದೆ. ಆದರೆ ನಾನು ಕೇಳುವುದು ಅಪರೂಪ. ಕುಲುಕುವ ಗಾಳಿಯಲ್ಲಿ ಗ್ಲೈಡರಿನ ಚಾಲನಾ ಕೋಲು ಹಿಡಿದವರು ತಲೆ ತಗ್ಗಿಸಿ ಸಂದೇಶ ಓದುವುದು ಕೂಡ ಒಂದು ಅಪಾಯವೇ.

ಯೂರೋಪಿನಲ್ಲಿ ಸಂಪರ್ಕ ಉಪಗ್ರಹವಿಲ್ಲದೆಯೂ ಈ ಕೆಲಸ ಬಹುಮಟ್ಟಿಗೆ ನಡೆಯುತ್ತದೆ. ಗ್ಲೈಡರುಗಳು ಆಕಾಶದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಎಚ್ಚರಿಸಲು ಸ್ವಿಟ್ಜರ್ಲೆಂಡಿನವರು 2004ರಲ್ಲಿ ಹೊರತಂದ ಫ್ಲಾರ್ಮ್ ಎಂಬ ಉಪಕರಣವು ಪ್ರತಿ ಸೆಕೆಂಡಿಗೊಮ್ಮೆ ತನ್ನ ಸ್ಥಾನವನ್ನು ಸುತ್ತಲಿಗೆ ಸಾರುತ್ತದೆ. ಓಪನ್ ಗ್ಲೈಡರ್ ನೆಟ್‌ವರ್ಕ್ ಎಂಬ ಹವ್ಯಾಸಿಗಳ ಬಳಗವು ಮನೆಗಳ, ಕ್ಲಬ್ಬುಗಳ ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ, ಒಂದು ಅಗ್ಗದ ಪುಟ್ಟ ಕಂಪ್ಯೂಟರಿನ ಮೂಲಕ ಆ ಸಂಕೇತಗಳನ್ನು ಹಿಡಿದು ನಕ್ಷೆಗೆ ಸೇರಿಸುತ್ತದೆ. ಚಂದಾ ಇಲ್ಲ, ಚುಕ್ಕಿಗಳ ನಡುವೆ ಹತ್ತು ನಿಮಿಷದ ಕಂದಕವೂ ಇಲ್ಲ. ಆದರೆ ಆಂಟೆನಾಕ್ಕೆ ಗ್ಲೈಡರು ನೇರವಾಗಿ ಕಾಣಬೇಕು, ನಡುವೆ ಬೆಟ್ಟ ಬರಬಾರದು. ಜನರೇ ಇಲ್ಲದ ಕಣಿವೆಯಲ್ಲಿ ಮಾಡು ಎಲ್ಲಿಂದ ಬರಬೇಕು? ಇತ್ತೀಚೆಗೆ ಕೆಲವು ಮೊಬೈಲ್ ಫೋನುಗಳೂ ನೇರವಾಗಿ ಉಪಗ್ರಹಕ್ಕೆ ತುರ್ತು ಸಂದೇಶ ಕಳುಹಿಸಬಲ್ಲವು. ಐಫೋನಿನಲ್ಲಿ 2022ರಿಂದ ಅದಿದೆ. ಇಳಿದ ಮೇಲೆ, ಕೈಯಲ್ಲಿ ಹಿಡಿದು ಆಕಾಶದ ಕಡೆ ತಿರುಗಿಸಿ ನಿಲ್ಲಬಲ್ಲವರಿಗೆ ಅದು ನಿಜಕ್ಕೂ ದೊಡ್ಡ ಆಸರೆ. ನಿಲ್ಲಲಾಗದವರಿಗೆ ಹಿಂದೆ ಬಿಟ್ಟುಬಂದ ಚುಕ್ಕಿಗಳೇ ದಿಕ್ಕು.

ಸ್ಪರ್ಧೆಗಳಲ್ಲಿ ಇದೇ ಚುಕ್ಕಿಗಳಿಗೆ ಬೇರೊಂದು ಬಣ್ಣ ಬರುತ್ತದೆ. ಎದುರಾಳಿಗೆ ಎಲ್ಲಿ ಒಳ್ಳೆಯ ಗಾಳಿ ಸಿಕ್ಕಿತೆಂದು ಕೆಳಗಿನವರು ನೋಡಿ ತಮ್ಮವರಿಗೆ ರೇಡಿಯೋದಲ್ಲಿ ಹೇಳಿಬಿಡಬಹುದಾದ್ದರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಕ್ಷೆಯನ್ನು ಬೇಕೆಂದೇ ತಡಮಾಡಿ ತೋರಿಸುತ್ತಾರೆ. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಲೇಕ್ ಕೀಪಿಟ್‌ನಲ್ಲಿ ನಡೆದ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆತಿಥೇಯ ತಂಡವು ತಡವಿಲ್ಲದ ಮಾಹಿತಿಯನ್ನು ಬಳಸಿಕೊಂಡದ್ದು ಬೆಳಕಿಗೆ ಬಂದು, ಆ ತಂಡದವರ ಅಂಕಗಳನ್ನು ಕಡಿತಗೊಳಿಸಿದರು. ಕಾಪಾಡಲೆಂದು ಮಾಡಿದ ವ್ಯವಸ್ಥೆಯನ್ನು ಗೆಲ್ಲಲೆಂದು ಬಳಸುವುದು ನನಗೆ ಬಹಳ ಬೇಸರ ತರಿಸಿದ ಸುದ್ದಿ.

ಅತ್ತೆಯವರ ವಿಷಯಕ್ಕೆ ಮರಳುತ್ತೇನೆ. ಆ ಜುಲೈ ತಿಂಗಳ ಬಳಿಕ ನಾನು ನಕ್ಷೆ ಓದುವುದನ್ನು ಕಲಿತೆ, ಕಲಿತದ್ದನ್ನು ಫೋನಿನಲ್ಲಿ ಅವರಿಗೂ ಹೇಳುತ್ತಾ ಹೋದೆ. ಎರಡು ನಿಮಿಷಕ್ಕೊಂದರಂತೆ ಬರುವ ಚುಕ್ಕಿಗಳು ದೂರದೂರ ಬಿದ್ದರೆ ನೇರವಾಗಿ ಸಾಗುತ್ತಿದ್ದಾರೆ. ಒಂದೇ ಕಡೆ ಗುಂಪುಗೂಡಿ, ಎತ್ತರದ ಅಂಕೆ ಏರುತ್ತಿದ್ದರೆ ಬಿಸಿಗಾಳಿಯಲ್ಲಿ ಸುತ್ತು ಹಾಕುತ್ತಿದ್ದಾರೆ. ಗುಂಪುಗೂಡಿಯೂ ಅಂಕೆ ಏರದಿದ್ದರೆ ಗಾಳಿಗಾಗಿ ತಡಕಾಡುತ್ತಿದ್ದಾರೆ, ಹತ್ತಿರದಲ್ಲಿ ಇಳಿಯಲು ಜಾಗ ಯಾವುದೆಂದು ನಾನೂ ನೋಡಿಕೊಳ್ಳಬೇಕು. ಎಪ್ಪತ್ತು ದಾಟಿದ, ಒಂದು ದಿನವೂ ಗ್ಲೈಡರನ್ನು ಹತ್ತಿರದಿಂದ ನೋಡದ ಅವರು ಇದನ್ನು ನನಗಿಂತ ಬೇಗ ಹಿಡಿದುಕೊಂಡರು. ಹಾಸನದ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವಾಗ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹೊಡೆಯುತ್ತಾ ಮೇಲೇರುವುದನ್ನು ವರ್ಷಾನುಗಟ್ಟಲೆ ನೋಡಿದವರು ಅವರು. “ಹದ್ದು ಏಳೋ ಹಾಗೆ ಏಳ್ತಾ ಇದ್ದಾನೆ ಬಿಡು, ಇನ್ನೇನೂ ಯೋಚನೆಯಿಲ್ಲ” ಎಂದು ಒಮ್ಮೆ ಅವರೇ ನನಗೆ ಧೈರ್ಯ ಹೇಳಿದರು. ಆದರೆ ಕೊಂಡಿಯನ್ನು ಈಗ ನಮ್ಮಿಬ್ಬರ ಹೊರತು ಊರಿನಲ್ಲಿ ಯಾರಿಗೂ ಕೊಟ್ಟಿಲ್ಲ. ನೋಡುವವರು ಹೆಚ್ಚಿದಷ್ಟೂ ಗಾಬರಿಯ ಫೋನುಗಳು ಹೆಚ್ಚುತ್ತವೆ, ನಿಜವಾಗಿ ಫೋನ್ ಖಾಲಿಯಿರಬೇಕಾದ ಹೊತ್ತಿನಲ್ಲಿ ಅದು ಖಾಲಿಯಿರುವುದಿಲ್ಲ.

ಊರಿಗೆ ಹೋಗುವಾಗ ಈ ಉಪಕರಣವನ್ನು ನಾವು ಕೊಂಡೊಯ್ಯುವುದಿಲ್ಲ, ಓದುವ ನಮ್ಮವರೂ ಕೊಂಡೊಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನುಗಳನ್ನೂ ಇಂಥ ಸಂದೇಶ ಉಪಕರಣಗಳನ್ನೂ ಭಾರತದೊಳಗೆ ತರುವುದು, ಬಳಸುವುದು ಕಾನೂನಿಗೆ ವಿರುದ್ಧ; ತಿಳಿಯದೆ ಚೀಲದಲ್ಲಿಟ್ಟುಕೊಂಡು ಬಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ವಶಕ್ಕೆ ತೆಗೆದುಕೊಂಡ ಪ್ರಸಂಗಗಳು ನಡೆದಿವೆ. 2008ರ ಮುಂಬೈ ದಾಳಿಕೋರರು ಉಪಗ್ರಹ ಫೋನ್ ಬಳಸಿದ್ದ ದೇಶದಲ್ಲಿ ಈ ಎಚ್ಚರಿಕೆಗೆ ಕಾರಣವಿದೆಯೆಂದು ಒಪ್ಪುತ್ತೇನೆ. ಆದರೂ 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಹಿಮಾಚಲದ ಬೀರ್-ಬಿಲ್ಲಿಂಗ್‌ನಂಥ ಜಾಗಗಳಲ್ಲಿ, ಫೋನ್ ಸಿಗದ ಹಿಮದ ಬೆಟ್ಟಗಳ ನಡುವೆ ಹಾರುವವರಿಗೆ ನೋಂದಣಿ ಮಾಡಿಸಿ ಅನುಮತಿ ಪಡೆಯುವ ಸುಲಭದ ದಾರಿಯೊಂದು ಇರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ನಮ್ಮಲ್ಲಿ ಇದಕ್ಕೆ ಬೇಕಾದ ಅನುಭವವೇನೂ ಕಡಿಮೆಯಿಲ್ಲ. ವಿಮಾನ, ಹಡಗುಗಳ 406 ಮೆಗಾಹರ್ಟ್ಸ್ ತುರ್ತು ಸಂಕೇತಗಳನ್ನು ಉಪಗ್ರಹಗಳಿಂದ ಕೇಳಿಸಿಕೊಳ್ಳುವ ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಭಾರತದ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರ್ಯಾಕ್ ಎಂಬ ಉಪಗ್ರಹ ನಿಯಂತ್ರಣ ಘಟಕದಲ್ಲಿ.

ಕಳೆದ ಶನಿವಾರ ಇವರು ಮತ್ತೆ ದಕ್ಷಿಣಕ್ಕೆ ಹೋಗಿದ್ದರು. ಹಿಂದಿರುಗುವ ಹೊತ್ತಿಗೆ ಸ್ವೀಟ್‌ವಾಟರ್ ಬೆಟ್ಟಗಳ ಮೇಲೆ ಮೋಡ ಕವಿದು ಮಳೆ ಹಿಡಿದು ದಾರಿ ಮುಚ್ಚಿತು. ಚುಕ್ಕಿಗಳು ಬ್ರಿಜ್‌ಪೋರ್ಟ್ ಕಣಿವೆಯಲ್ಲಿ ಗುಂಪುಗೂಡಿದವು, ಅಂಕೆ ಇಳಿಯುತ್ತಾ ಬಂದಿತು, ಸಂಜೆ ಐದು ಐವತ್ತಕ್ಕೆ ಕೆರೆಯ ಪಕ್ಕದ ರನ್‌ವೇ ಮೇಲೆ ಒಂದು ಚುಕ್ಕಿ ಬಿದ್ದು ನಿಂತಿತು. ಹಿಂದೆಯೇ ಸಂದೇಶ: “ಇಳಿದೆ, ಎಲ್ಲ ಸರಿಯಿದೆ. ಟ್ರೇಲರ್ ತಗೊಂಡು ಬಾ.” ನಾನು ಕಾರಿಗೆ ಟ್ರೇಲರ್ ಸಿಕ್ಕಿಸಿ, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಹಾಕಿಕೊಂಡು, ಹೊರಡುವ ಮೊದಲು ಹಾಸನಕ್ಕೆ ಬರೆದೆ: “ಇಳಿದಿದ್ದಾರೆ ಅತ್ತೆ. ಕರೆತರಲು ಹೊರಟಿದ್ದೇನೆ, ದಾರಿಯಲ್ಲಿ ನನ್ನ ಫೋನ್ ಸಿಗುವುದಿಲ್ಲ.” ಟೋಪಾಜ್ ಸರೋವರ ದಾಟಿ ವಾಕರ್ ನದಿಯ ಕಂದರವನ್ನು ಹೊಕ್ಕ ಮೇಲೆ ಸಿಗ್ನಲ್ ಹೋಯಿತು. ಬ್ರಿಜ್‌ಪೋರ್ಟ್ ಊರು ತಲುಪಿ, ರನ್‌ವೇ ಬದಿಯಲ್ಲಿ ರೆಕ್ಕೆ ಕಳಚಲು ನನಗಾಗಿ ಕಾಯುತ್ತಾ ಕುಳಿತಿದ್ದವರು ಕಣ್ಣಿಗೆ ಬಿದ್ದಾಗಲೇ ಅತ್ತೆಯವರ ಉತ್ತರ ಫೋನಿಗೆ ಬಂದಿತು.

“ಚುಕ್ಕಿ ಅಲ್ಲಾಡದೆ ನಿಂತಿದೆ, ನೋಡ್ತಾ ಇದ್ದೀನಿ. ನೀನು ನಿಧಾನವಾಗಿ ಗಾಡಿ ಓಡಿಸಮ್ಮ.”